ಕಾಂಪೌಂಡಿನ ಪಕ್ಕಕ್ಕೆ ಕೆಂಪು ಹಣ್ಣು ಬಿಡುವ ಗಿಡ ಯಾವುದು ಒಳ್ಳೆಯದು?

ಹಿತ್ತಲಗಿಡ: ಬೆಂಗಳೂರಲ್ಲಿ 30-40 ಸೈಟು ನಮ್ಮದು. ಗೇಟಿನ ಪಕ್ಕ ನಾಲ್ಕು ಅಡಿ ಅಗಲ ಮಣ್ಣು ಬಿಟ್ಟಿದ್ದೇವೆ, ಮಧ್ಯಾಹ್ನದವರೆಗೆ ಬಿಸಿಲಿದೆ. ಕೆಂಪು ಹಣ್ಣು ಬಿಡಬೇಕು, ಪಿಕಳಾರ ಬರಬೇಕು, ಅಷ್ಟೇ ಆಸೆ. ನರ್ಸರಿಯವರು ಗಸಗಸೆ ಹಣ್ಣಿನ ಗಿಡ ಹಾಕಿ ಅಂತಾರೆ, ಅತ್ತೆಗೆ ಗುಲಗಂಜಿ ಬಳ್ಳಿ ಇಷ್ಟ. ಮನೆಯಲ್ಲಿ ಪುಟ್ಟ ಮಗು ಇದೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತೆ.

ಮಣ್ಣುಮಸಿ: ಮಗು ಇರುವ ಮನೆಗೆ ಗುಲಗಂಜಿ ಬೇಡವೇ ಬೇಡ. ಅದರ ಬೀಜದಲ್ಲಿ ಅಬ್ರಿನ್ ಅನ್ನುವ ವಿಷ ಇದೆ. ಸಿಪ್ಪೆ ಗಟ್ಟಿ, ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗಬಹುದು, ಆದರೆ ಜಗಿದರೆ ಜೀವಕ್ಕೇ ಅಪಾಯ. ಅಕ್ಕಸಾಲಿಗರು ತೂಕಕ್ಕೆ ಇಟ್ಟುಕೊಳ್ಳುತ್ತಿದ್ದರಲ್ವಾ, ಅಲ್ಲೇ ಇರಲಿ ಬಿಡಿ. ಬಿಳಿ ಗೆರೆಯ ಕೆಂಪು ಕಾಯಿ ಬಿಡುವ ಲಿಂಗತೊಂಡೆ ಬೇಲಿಯಲ್ಲಿ ತಾನಾಗಿ ಹಬ್ಬಿದರೆ ಅದನ್ನೂ ಕಿತ್ತುಬಿಡಿ.

ಟೆರೇಸು_ತೋಟ: ಗಸಗಸೆ ಹಣ್ಣು ರುಚಿ, ಮಕ್ಕಳು ತಿನ್ನಬಹುದು, ಬದನಿಕೆ ಹಕ್ಕಿಗಂತೂ ಪ್ರಾಣ. ಆದರೆ ಅದು ಗಿಡ ಅಲ್ಲ ಸ್ವಾಮಿ, ಮರ! ಬೇಗ ಬೆಳೆದು ಇಪ್ಪತ್ತೈದು ಅಡಿ ದಾಟುತ್ತೆ, ಕೊಂಬೆ ಛತ್ರಿ ಥರ ಅಗಲವಾಗಿ ಚಾಚುತ್ತೆ, ರಾತ್ರಿ ಬಾವಲಿ ಬರುತ್ತೆ, ಬೆಳಿಗ್ಗೆ ಕಾರಿನ ಮೇಲೆಲ್ಲ ಅಂಟು ಅಂಟು ಹಣ್ಣು. ನಾಲ್ಕು ಅಡಿ ಜಾಗಕ್ಕೆ ಅಲ್ಲ. ಪಾರ್ಕಿಗೆ ಸರಿ.

ಪುತ್ತೂರಿನವ: ಕೇಪಳ ಹಾಕಿ ಮಾರಾಯ್ರೆ. ನಮ್ಮ ಗುಡ್ಡೆಯಲ್ಲೆಲ್ಲ ಇದೆ, ಬೇಸಿಗೆ ರಜೆಯಲ್ಲಿ ಮಕ್ಕಳು ತಿನ್ನುವುದೇ ಅದನ್ನು. ಕೆಂಪು ಹೂಗೊಂಚಲು, ಆಮೇಲೆ ಕೆಂಪು ಹಣ್ಣು, ಪೂರ್ತಿ ಮಾಗಿದಾಗ ಸ್ವಲ್ಪ ಕಪ್ಪಿಗೆ ತಿರುಗುತ್ತದೆ. ಸಿಹಿ, ಜೊತೆಗೆ ಚೂರು ಒಗರು. ಪಿಕಳಾರ ಬಿಡುವುದಿಲ್ಲ. ಪೊದೆ ಗಿಡ, ಕತ್ತರಿಸಿ ಬೇಕಾದಷ್ಟಕ್ಕೆ ಇಟ್ಟುಕೊಳ್ಳಬಹುದು.

ಹಿತ್ತಲಗಿಡ: ಅದು ನರ್ಸರಿಯ ಇಕ್ಸೋರಾ ತಾನೇ? ಪಕ್ಕದ ಮನೆಯಲ್ಲಿದೆ, ಹೂವು ಬಿಟ್ಟರೆ ಒಂದು ಹಣ್ಣೂ ಕಂಡಿಲ್ಲ.

ಪುತ್ತೂರಿನವ: ನರ್ಸರಿಯ ಹೈಬ್ರಿಡ್‌ಗಳಲ್ಲಿ ಬಹಳಷ್ಟು ಸುಮ್ನೆ ಹೂವಿಗೆ. ಊರ ಕಡೆಯವರು ಯಾರಾದರೂ ಇದ್ದರೆ ಏಪ್ರಿಲ್‌ನಲ್ಲಿ ಕಾಡು ಕೇಪಳದ ಹಣ್ಣು ತರಿಸಿ, ಬೀಜ ಒಣಗುವ ಮೊದಲೇ ಹಾಕಿ. ಹೂವಿಗೆ ಒಂದೆರಡು ವರ್ಷ ಕಾಯಬೇಕು. ಇನ್ನೊಂದು, ಬೋರ್‌ವೆಲ್ಲಿನ ಗಡಸು ನೀರು ಇದಕ್ಕೆ ಆಗದು, ಎಲೆ ಹಳದಿಯಾಗುತ್ತದೆ. ಮಳೆನೀರು ಹಿಡಿದಿಟ್ಟರೆ ಅದನ್ನೇ ಹಾಕಿ, ಬುಡಕ್ಕೆ ತರಗೆಲೆ ಗೊಬ್ಬರ ಕೊಡಿ.