ಹಾಕೋ ಮುಂಚೆ ಪುಟ್ಟಿಯನ್ನು ಕೇಳಿದ್ರಾ?

*ಗಂಗಾವತಿಯ ಮದುವೆ ಮುಗಿದ ಮರುದಿನ, ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ*

ಸಿಂಧನೂರು ದೊಡ್ಡಪ್ಪ: 🎥 ನಮ್ಮ ಪುಟ್ಟಿಯನ್ನು ಹುಡುಗರು ವೀಲ್‌ಚೇರಿನಿಂದ ಎತ್ತಿಕೊಂಡು ಸ್ಟೇಜ್ ಹತ್ತಿಸಿದ್ದು ನೋಡಿ. ಕಣ್ಣಲ್ಲಿ ನೀರು ಬಂತು. ಪಾಪ, ದೇವರ ಮಗು. ಎಲ್ಲರೂ ಶೇರ್ ಮಾಡಿ.

ರಾಯಚೂರು ಅಣ್ಣ: 🙏🙏 ಎಷ್ಟು ಚೆಂದ ನಗ್ತಿದ್ದಾಳೆ

ನಾನು: ದೊಡ್ಡಪ್ಪ, ಹಾಕೋ ಮುಂಚೆ ಪುಟ್ಟಿಯನ್ನು ಕೇಳಿದ್ರಾ?

ಸಿಂಧನೂರು ದೊಡ್ಡಪ್ಪ: ಅವಳನ್ನೇನು ಕೇಳೋದು ಯವ್ವಾ? ಅವರವ್ವ ಅಲ್ಲೇ ಇದ್ದಳು.

ಗಂಗಾವತಿ ಚಿಕ್ಕಮ್ಮ: ಇರಲಿ ಬಿಡು. ಭಾವ ಪ್ರೀತಿಯಿಂದ ಹಾಕಿದ್ದಾರೆ. ಅವಳವ್ವ ನಾನು, ನನಗೇನೂ ಬೇಜಾರಿಲ್ಲ.

ನಾನು: ಪ್ರೀತಿ ಬಗ್ಗೆ ನನಗೂ ಅನುಮಾನ ಇಲ್ಲ ಚಿಕ್ಕಮ್ಮ. ಆದರೆ ಆ ಅಳುವ ಹಾಡಿನ ಸೌಂಡ್ ಬಂದ್ ಮಾಡಿ ಇನ್ನೊಮ್ಮೆ ನೋಡಿ. ಎತ್ತುವಾಗ ಅವಳ ಲಂಗ ಮೊಣಕಾಲ ಮೇಲೆ ಸರಿದಿದೆ. ಎಡಗೈಯಲ್ಲಿ ಅದನ್ನು ಕೆಳಗೆ ಎಳೆಯೋಕೆ ಒದ್ದಾಡ್ತಿದ್ದಾಳೆ. ಬಾಯಿ ತೆರೆದಿದ್ದು ಏನೋ ಹೇಳೋಕೆ. ಹೇಳಿ ಮುಗಿಸೋದರೊಳಗೆ ಇವರು ಸ್ಟೇಜ್ ಮೇಲಿದ್ದಾರೆ. ಅದು ನಗು ಅಲ್ಲ ಅಣ್ಣ. 16 ವರ್ಷದ ಹುಡುಗಿ ಅವಳು.

ರಾಯಚೂರು ಅಣ್ಣ: ಅವಳಿಗೆ ಅಷ್ಟೆಲ್ಲ ತಿಳಿಯುತ್ತಾ?

ನಾನು: ಈ ಸಲ ಎಸ್ಸೆಸ್ಸೆಲ್ಸಿ ಬರೀತಿದ್ದಾಳೆ! ಅವಳಿಗಿರೋ ಸೆರೆಬ್ರಲ್ ಪಾಲ್ಸಿಯಲ್ಲಿ ಕೈಕಾಲು, ನಾಲಿಗೆ ಮೆದುಳು ಹೇಳಿದ ಹಾಗೆ ಕೇಳಲ್ಲ. ಮಾತು ನಿಧಾನ ಅಂದರೆ ಬುದ್ಧಿ ಕಮ್ಮಿ ಅಂತಲ್ಲ. ಒಂದು ಮಾತು ಮುಗಿಸೋಕೆ ಅವಳಿಗೆ ಅರ್ಧ ನಿಮಿಷ ಬೇಕು. ನಾವು ಕಾಯಲ್ಲ, ಅವರವ್ವನ ಮುಖ ನೋಡ್ತೀವಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 4ನೇ ಸೆಕ್ಷನ್ ಓದಿ. ತಮಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ಮಕ್ಕಳು ತಮ್ಮ ಅಭಿಪ್ರಾಯ ಹೇಳಬಹುದು, ಅದಕ್ಕೆ ಬೇಕಾದ ನೆರವೂ ಸಿಗಬೇಕು ಅಂತಿದೆ.

ಸಿಂಧನೂರು ದೊಡ್ಡಪ್ಪ: ಮನೆ ಮಾತಿಗೆ ಕಾಯ್ದೆ ಯಾಕೆ ತರ್ತೀಯಾ? ಎತ್ತದೇ ಇದ್ದರೆ ಅಕ್ಷತೆ ಹಾಕೋದು ಹೇಗಿತ್ತು?

ನಾನು: ಮದುಮಕ್ಕಳೇ ನಾಲ್ಕು ಮೆಟ್ಟಿಲು ಇಳಿದು ಬರಬಹುದಿತ್ತಲ್ವಾ? ಎತ್ತಲೇಬೇಕಾದರೆ ಮೊದಲು ಕೇಳಿ. ಎಲ್ಲಿ ಹಿಡೀಬೇಕು ಅಂತ ಅವಳೇ ಹೇಳ್ತಾಳೆ. ಬಲಗಾಲು ಬಿಗಿ ಇರುತ್ತೆ, ಜಗ್ಗಿದರೆ ನೋವಾಗುತ್ತೆ. ಸುಮ್ನೆ ಹಿಂದಿಂದ ಬಂದು ವೀಲ್‌ಚೇರ್ ತಳ್ಳೋದೂ ಬೇಡ.

ಗಂಗಾವತಿ ಚಿಕ್ಕಮ್ಮ: ಅವಳಿಗೆ ತೋರಿಸಿದೆ. ಟೈಪ್ ಮಾಡ್ತಿದ್ದಾಳೆ, ಇರಿ.

ಗಂಗಾವತಿ ಚಿಕ್ಕಮ್ಮ: ದೊಡ್ಡಪ್ಪ ನಾನು ಪುಟ್ಟಿ. ಡಿಲೀಟ್ ಮಾಡಿ. ಸ್ಟೇಟಸ್ಸಿಂದಾನೂ. ನಾನು ಬೇಡ ಅಂದಿದ್ದೆ, ಯಾರೂ ಕೇಳಲಿಲ್ಲ. ಮೆಹಂದಿ ಫೋಟೋ ಹಾಕಿ, ಅದು ಚೆನ್ನಾಗಿದೆ. ಪಾಪ ಅಂತ ಬರೀಬೇಡಿ.

ಸಿಂಧನೂರು ದೊಡ್ಡಪ್ಪ: ಗುಂಪಿಂದ ತೆಗೆದೆ. ಕೆಟ್ಟ ಮನಸ್ಸಿಂದ ಹಾಕಿರಲಿಲ್ಲ, ಅಷ್ಟು ತಿಳ್ಕೊಳ್ಳಿ. ಸ್ಟೇಟಸ್ ತೆಗೆಯೋದು ಹೇಗೆ?

ನಾನು: ಫೋನ್ ಮಾಡ್ತೀನಿ, ಹೇಳಿಕೊಡ್ತೀನಿ. ಇನ್ನೊಂದು ದೊಡ್ಡಪ್ಪ. ಕೊಪ್ಪಳದ ಗವಿಮಠದ ಜಾತ್ರೆಗೆ ಪುಟ್ಟಿ ಬರ್ತಾಳಾ ಅಂತ ಚಿಕ್ಕಮ್ಮನನ್ನು ಕೇಳಿದ್ರಿ. ತೇರಿನ ದಿನ ಬರಬೇಕೋ, ಗದ್ದಲ ಕಮ್ಮಿಯಾದ ಮೇಲೆ ಬರಬೇಕೋ ಅವಳನ್ನೇ ಕೇಳಿ. ಉತ್ತರ ಬರೋವರೆಗೂ ಫೋನ್ ಇಡಬೇಡಿ.