ಮೊಸರು ‘ಹೊಂದಿಸುವುದು’ ಹೇಗೆ? ‘ಸೆಟ್’ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಮೊಸರು ಮಾಡುವ ಪುಟ್ಟ ಯಂತ್ರವೊಂದರ ಕೈಪಿಡಿ ನನ್ನ ಕೈಗೆ ಬಂತು. ಇಂಗ್ಲಿಷಿನಲ್ಲಿ ಎರಡೇ ಪುಟ. ಅದರಲ್ಲಿ ‘ಸೆಟ್’ ಅನ್ನುವ ಪದ 14 ಸಲ. ಯಂತ್ರವನ್ನು ಮಟ್ಟವಾದ ಜಾಗದಲ್ಲಿ ಸೆಟ್ ಮಾಡಿ. ಟೈಮರ್ ಸೆಟ್ ಮಾಡಿ. ಮೊಸರು ಸೆಟ್ ಆಗುವವರೆಗೆ ಅಲುಗಿಸಬೇಡಿ. ಮುಚ್ಚಳ ತೆಗೆದು ಪಕ್ಕಕ್ಕೆ ಸೆಟ್ ಮಾಡಿ. ಪೆಟ್ಟಿಗೆಯೊಳಗೆ 4 ಬಟ್ಟಲುಗಳ ಒಂದು ಸೆಟ್ ಇದೆ.

ಈಗೆಲ್ಲ ಗೊತ್ತಲ್ವಾ, ಮೊದಲ ಅನುವಾದ ಕಂಪ್ಯೂಟರಿನದು, ತಿದ್ದುವ ಕೆಲಸ ನಮ್ಮದು. ಅದು ಎಲ್ಲ ಕಡೆ ‘ಹೊಂದಿಸು’ ಅಂತ ಹಾಕಿತ್ತು. “ಮೊಸರು ಹೊಂದಿಸುವವರೆಗೆ ಕಾಯಿರಿ.” ಪಾಪ, ಮೊಸರು ಏನನ್ನು ಹೊಂದಿಸಬೇಕು? ಸಾಲವನ್ನೇ? ನಾನು ‘ಹೆಪ್ಪುಗಟ್ಟುವವರೆಗೆ’ ಅಂತ ತಿದ್ದಿ ಕಳಿಸಿದೆ. ಮಾರನೇ ದಿನ ಕೆಂಪು ಗುರುತಿನ ಜೊತೆ ವಾಪಸ್ ಬಂತು. ಒಂದು ಇಂಗ್ಲಿಷ್ ಪದಕ್ಕೆ ಕೈಪಿಡಿಯ ಉದ್ದಕ್ಕೂ ಒಂದೇ ಕನ್ನಡ ಪದ ಇರಬೇಕಂತೆ. ಅದು ಕೆಲಸ ಕೊಟ್ಟವರ ನಿಯಮ.

ನಿಯಮ ಮಾಡಿದವರು ಈ ಪದದ ಜಾತಕ ನೋಡಿದ ಹಾಗಿಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಕ್ರಿಯಾಪದಕ್ಕೆ. ಬರೀ ಆ ಕ್ರಿಯಾಪದಕ್ಕೇ 430 ಅರ್ಥ. ಜೊತೆಗೆ ಅಪ್, ಆಫ್, ಔಟ್ ಅಂತ ಬಾಲ ಹಚ್ಚಿಕೊಂಡವನ್ನೂ ನುಡಿಗಟ್ಟುಗಳನ್ನೂ ಸೇರಿಸಿದರೆ 580ರ ಹತ್ತಿರ. ಎಲ್ಲ ಬಿಡಿಸಿ ಹೇಳೋಕೆ ಸುಮಾರು 60,000 ಪದ ಬೇಕಾಯಿತು. ಒಂದು ಪದಕ್ಕೆ ಒಂದು ಕಾದಂಬರಿಯಷ್ಟು! ಮೂರನೇ ಆವೃತ್ತಿಯ ಕೆಲಸ ನಡೆಯುತ್ತಾ ಬಂದ ಹಾಗೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಈ ದಾಖಲೆ ಮುರಿದವು. ‘ರನ್’ಗೆ ಈಗ 645 ಅರ್ಥ. ಮೂರೂ ಪುಟಾಣಿ ಪದಗಳೇ, ನೋಡಿ. ನಮ್ಮ ‘ಹಾಕು’, ‘ಹೊಡೆ’, ‘ಕಟ್ಟು’ ಹಾಗೆ. ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಪದ್ಯ ಕಟ್ಟುತ್ತೇವೆ, ನೆಗಡಿ ಬಂದರೆ ಮೂಗು ಕಟ್ಟುತ್ತದೆ. ಇದನ್ನೆಲ್ಲ ಇಂಗ್ಲಿಷಿನ ಒಂದೇ ಪದದಲ್ಲಿ ಹೇಳಿ ಅಂದರೆ ಅವರು ಒಪ್ಪುತ್ತಾರಾ?

ನನಗೆ ಖುಷಿ ಕೊಟ್ಟಿದ್ದು ಬೇರೆ ಸಂಗತಿ. ‘ಸೆಟ್’ ಒಂದು ಪದ ಅಲ್ಲವೇ ಅಲ್ಲ. ಎರಡು ಪದಗಳು ಒಂದೇ ಅಂಗಿ ತೊಟ್ಟು ನಿಂತಿವೆ. ‘ಟೀ ಸೆಟ್’, ‘ಬಟ್ಟಲ ಸೆಟ್’ ಅನ್ನುವಾಗಿನ ಸೆಟ್ ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಬೇರು ಲ್ಯಾಟಿನ್ನಿನ ‘ಸೆಕ್ಟಾ’, ಅಂದರೆ ಒಬ್ಬರನ್ನು ಅನುಸರಿಸುವವರ ಗುಂಪು. ಪಂಥ ಅನ್ನೋ ಅರ್ಥದ ‘ಸೆಕ್ಟ್’ ಇದರ ಒಡಹುಟ್ಟು. ಗಣಿತದ ಪಾಠದಲ್ಲಿ ನಾವು ‘ಗಣ’ ಅಂತ ಓದಿದ್ದು ಈ ಸೆಟ್ಟನ್ನೇ. ಹಳ್ಳಿಯ ಪಂಪ್‌ಸೆಟ್ಟೂ ಇದೇ. ಪಂಪು, ಮೋಟಾರು ಸೇರಿ ಒಂದು ಸೆಟ್.

ಇನ್ನೊಂದು ‘ಸೆಟ್’ ಹಳೆಯ ಇಂಗ್ಲಿಷಿನ ಸ್ವಂತ ಮಗು. ‘ಸಿಟ್’ ಅಂದರೆ ಕೂರು. ಅದರ ಪ್ರೇರಣಾರ್ಥಕ ರೂಪ ‘ಸೆಟ್’. ಅಂದರೆ ಕೂರಿಸು! ನಾವು ‘ಇಸು’ ಹಚ್ಚಿ ಮಾಡೋದನ್ನು ಅವರು ಸ್ವರ ಬದಲಿಸಿ ಮಾಡಿದ್ದಾರೆ ಅಷ್ಟೇ. ‘ಫಾಲ್’ (ಬೀಳು), ‘ಫೆಲ್’ (ಬೀಳಿಸು, ಮರ ಕಡಿದು ಉರುಳಿಸು) ಕೂಡ ಇದೇ ಬಗೆಯ ಜೋಡಿ. ಆ ಭಾಷೆಯಲ್ಲಿ ಸೂರ್ಯ ಸಂಜೆ ಮುಳುಗುತ್ತಿರಲಿಲ್ಲ, ತನ್ನ ‘ಸೆಟ್ಲ್’ಗೆ, ಅಂದರೆ ಪೀಠಕ್ಕೆ, ಹೋಗುತ್ತಿದ್ದ. ನಮ್ಮಲ್ಲಿ ಹೊತ್ತು ಮುಳುಗುತ್ತದೆ, ಕಂತುತ್ತದೆ. ಅವರ ಸೂರ್ಯ ಹೋಗಿ ಕೂರುತ್ತಾನೆ.

ಇದು ತಲೆಗೆ ಹೊಕ್ಕ ಮೇಲೆ ಕನ್ನಡದ ‘ಕೂರಿಸು’ ಎಲ್ಲೆಲ್ಲೂ ಕಾಣೋಕೆ ಶುರುವಾಯಿತು. ಗಣಪತಿ ಕೂರಿಸುತ್ತೇವೆ, ದಸರಾಕ್ಕೆ ಗೊಂಬೆ ಕೂರಿಸುತ್ತೇವೆ. ಧಾರವಾಡದ ಕಡೆಯವರು ‘ಕೂಡ್ರಿಸು’ ಅಂತಾರೆ. ಉಂಗುರಕ್ಕೆ ಹರಳು ಕೂರಿಸುತ್ತಾರೆ. ಇಂಗ್ಲಿಷಿನವರೂ ಹರಳನ್ನು ‘ಸೆಟ್’ ಮಾಡ್ತಾರೆ. ಹೊಸದಾಗಿ ತುಂಬಿದ ಮಣ್ಣು ಕೂತ ಮೇಲೆ ಪಾಯ ತೆಗೆಯಬೇಕು ಅಂತಾನೆ ಮೇಸ್ತ್ರಿ.

ಹಾಗಂತ ಎಲ್ಲ ಕಡೆ ‘ಕೂರಿಸು’ ಹಾಕೋಕೆ ಆಗಲ್ಲ. ಇನ್ನರ್ಧ ಕೆಲಸ ಮಾಡೋದು ‘ಇಡು’. ಅಮ್ಮ ರಾತ್ರಿ “ಐದಕ್ಕೆ ಅಲಾರಂ ಇಟ್ಕೋ” ಅಂತಿದ್ದರೇ ಹೊರತು ‘ಹೊಂದಿಸ್ಕೋ’ ಅಂದದ್ದು ನಾನು ಕೇಳಿಲ್ಲ. ಬೆಂಕಿ ಇಡು, ಹೆಜ್ಜೆ ಇಡು, ಮುಹೂರ್ತ ಇಡು. ಮೂರಕ್ಕೂ ಇಂಗ್ಲಿಷಿನವರು ‘ಸೆಟ್’ ಅನ್ನಬಲ್ಲರು. ಅವರ ಒಂದು ಪದದ ಕೆಲಸಕ್ಕೆ ನಮ್ಮಲ್ಲಿ ಎರಡು ಮೂರು ಪದ ತಯಾರಾಗಿವೆ. ಆದರೆ ಕಂಪ್ಯೂಟರಿಗೆ ಸಿಕ್ಕಿದ್ದು ‘ಹೊಂದಿಸು’ ಒಂದೇ.

‘ಸೆಟ್‌ಬ್ಯಾಕ್’ ಕಥೆ ಇನ್ನೂ ಚೆನ್ನಾಗಿದೆ. ಮನೆ ಕಟ್ಟುವಾಗ ಸುತ್ತಲೂ ಬಿಡಬೇಕಾದ ಖಾಲಿ ಜಾಗಕ್ಕೆ ಬೆಂಗಳೂರಿನಲ್ಲಿ ಎಲ್ಲರೂ ಸೆಟ್‌ಬ್ಯಾಕ್ ಅಂತಲೇ ಅನ್ನೋದು. ಅದೇ ಪದಕ್ಕೆ ಪತ್ರಿಕೆಯ ರಾಜಕೀಯ ಪುಟದಲ್ಲಿ ‘ಹಿನ್ನಡೆ’. ಒಮ್ಮೆ ನನ್ನ ಕೈಗೆ ಬಂದ ಕಟ್ಟಡದ ಕಾಗದವೊಂದರಲ್ಲಿ “ಮುಂಭಾಗದಲ್ಲಿ ಒಂದು ಮೀಟರ್ ಹಿನ್ನಡೆ ಕಡ್ಡಾಯ” ಅಂತಿತ್ತು. ಮನೆ ಕಟ್ಟಿದವರಿಗೆ ಅಷ್ಟರಲ್ಲೇ ಮುಗಿದರೆ ಪುಣ್ಯ.

ಇಷ್ಟೆಲ್ಲ ಹೇಳಿ ‘ಸೆಟ್’ ಬೇಡ ಅಂತ ನಾನು ವಾದಿಸುತ್ತಿಲ್ಲ. ಅದು ಎಂದೋ ನಮ್ಮದಾಗಿದೆ. ಸೆಟ್ ದೋಸೆಗೆ ಬೇರೆ ಹೆಸರಿಟ್ಟರೆ ಯಾರೂ ತಿನ್ನಲ್ಲ. ಸಾಮಾನ್ಯವಾಗಿ ತಟ್ಟೆಗೆ ಮೂರು, ಕೆಲವು ಕಡೆ ಎರಡು. ಮೊನ್ನೆ ಹೋಟೆಲಿನಲ್ಲಿ “ಒಂದು ಸಾಕಪ್ಪ” ಅಂದೆ. “ಒಂದು ಸೆಟ್ಟಾ ಸಾರ್, ಒಂದು ದೋಸೆನಾ?” ಅಂದ. ಪದಚರ್ಚೆಯಲ್ಲಿ ಇಷ್ಟು ಸ್ಪಷ್ಟವಾದ ಪ್ರಶ್ನೆ ಅಪರೂಪ. ಸಿನಿಮಾ ಪುಟಗಳ ‘ಸೆಟ್ಟೇರಿತು’ ಅಂತೂ ನನ್ನ ಮೆಚ್ಚಿನ ಪದ. ಹಸೆಮಣೆ ಏರು, ಪಟ್ಟ ಏರು ಅನ್ನುವ ಸಾಲಿಗೆ ‘ಸೆಟ್’ ತಂದು ಕೂರಿಸಿದವರು ಯಾರೋ, ಅವರಿಗೆ ಕಿವಿ ಚೆನ್ನಾಗಿತ್ತು. ಈಗ ಒಂದು ಹಲಗೆಯನ್ನೂ ನಿಲ್ಲಿಸದೆ ಸಕಲೇಶಪುರದ ರಸ್ತೆಯಲ್ಲಿ ಚಿತ್ರೀಕರಣ ಶುರುವಾದರೂ ಸಿನಿಮಾ ಸೆಟ್ಟೇರುತ್ತದೆ. ಇನ್ನು ಹುಡುಗರ ಬಾಯಲ್ಲಿ “ಸೆಟ್ಟಾಗಲ್ಲ ಬಿಡು” ಅಂದರೆ ಹೊಂದಲ್ಲ ಅಂತ. ಆ ‘ಹೊಂದಿಸು’ ಇಲ್ಲಾದರೂ ಸರಿಯಾಯಿತು!

ಸರಿ, ನನ್ನ ಪ್ರಶ್ನೆಗೆ ಬರುತ್ತೇನೆ. ಕೈಪಿಡಿಯ ವಾಕ್ಯಗಳ ಬಗ್ಗೆ ಜಗಳ ಮಾಡಿ ಗೆದ್ದೆ. ‘ಟೈಮರ್ ಇಡಿ’, ‘ಮೊಸರು ಹೆಪ್ಪುಗಟ್ಟುವವರೆಗೆ’, ‘ಪಕ್ಕಕ್ಕಿಡಿ’, ‘4 ಬಟ್ಟಲುಗಳ ಸೆಟ್’ ಅಂತ ಉಳಿದವು. ಸಿಕ್ಕಿಹಾಕಿಕೊಂಡಿರೋದು ಯಂತ್ರದ ಮೇಲಿನ ಗುಂಡಿಯಲ್ಲಿ. ಅದರ ಮೇಲೂ ಅದೇ ಪದ, ಅದೊಂದೇ ಪದ. ಸಮಯ ಆರಿಸಿದ ಮೇಲೆ ಅದನ್ನು ಒತ್ತಬೇಕು. ಕನ್ನಡದ ಚೀಟಿ ಅಂಟಿಸುತ್ತಾರಂತೆ, ಮೂರು ಅಕ್ಷರಕ್ಕಿಂತ ಜಾಸ್ತಿ ಹಿಡಿಸಲ್ಲ. ‘ಇಡು’ ಅಂತ ಬರೆದು ಮನೆಯಲ್ಲಿ ತೋರಿಸಿದೆ. “ಏನನ್ನ ಇಡಬೇಕು, ಬಟ್ಟಲಾ?” ಅಂದಳು ಹೆಂಡತಿ. ‘ಗೊತ್ತುಮಾಡು’ ಅರ್ಥಕ್ಕೆ ಸರಿ, ಜಾಗಕ್ಕೆ ಉದ್ದ. ‘ಹೊಂದಿಸು’ ಹಾಕೋಕೆ ಇಷ್ಟು ಜಗಳದ ನಂತರ ನನಗೇ ನಾಚಿಕೆ. ಸುಮ್ನೆ ‘ಸೆಟ್’ ಅಂತ ಕನ್ನಡದಲ್ಲಿ ಬರೆದುಬಿಡಲಾ?

ಕರಾವಳಿಯವರು, ಕಲಬುರಗಿ ಕಡೆಯವರು ಅಲಾರಮ್ಮಿಗೆ ಯಾವ ಕ್ರಿಯಾಪದ ಬಳಸುತ್ತೀರಿ? ಇಡ್ತೀರಾ, ಹಚ್ತೀರಾ, ಕೊಡ್ತೀರಾ? ಅದರಲ್ಲೇ ದಾರಿ ಸಿಗಬಹುದು ಅನ್ನೋ ಆಸೆ. ಸೋಮವಾರ ಬೆಳಿಗ್ಗೆ ಕಳಿಸಬೇಕು.