ಅಪ್‌ಡೇಟ್: ಅಂತೂ ಮೋಟರ್ ತಿರುಗಿತು!

ಎ2212 ಮೋಟರ್ (ಡ್ರೋನ್‌ಗೆಲ್ಲ ಹಾಕೋ ಪುಟ್ಟ ಮೋಟರ್), ಅದರ ವೇಗ ನಿಯಂತ್ರಿಸೋ 30 ಆಂಪ್ ಇಎಸ್‌ಸಿ, ಇಎಸ್‌ಸಿಗೆ ಸಿಗ್ನಲ್ ಕೊಡೋಕೆ ಆರ್ಡುಯಿನೊ ಅನ್ನೋ ಪುಟ್ಟ ಪ್ರೋಗ್ರಾಮ್ ಬೋರ್ಡ್. ಬರೀ ಬೀಪ್ ಬೀಪ್ ಅನ್ನುತ್ತೆ, ಅಲ್ಲಾಡಲ್ಲ ಅಂತ ಮೊನ್ನೆ ಕೇಳಿದ್ದೆನಲ್ಲ? ತಪ್ಪು ಎರಡು, ಎರಡೂ ನನ್ನವೇ.

ಆರ್ಡುಯಿನೊದಿಂದ ಇಎಸ್‌ಸಿಗೆ ಸಿಗ್ನಲ್ ವೈರ್ ಮಾತ್ರ ಕೊಟ್ಟಿದ್ದೆ, ಎರಡರ ಗ್ರೌಂಡ್ (ನೆಗೆಟಿವ್ ವೈರ್) ಸೇರಿಸಿರಲಿಲ್ಲ. ಆರ್ಡುಯಿನೊಗೆ ಯುಎಸ್‌ಬಿ ಪವರ್ ಇದೆಯಲ್ಲ, ಸಾಕು ಅಂದ್ಕೊಂಡಿದ್ದೆ. ಸೇರಿಸಿದೆ, ಆದರೂ ಬೀಪ್ ನಿಲ್ಲಲಿಲ್ಲ. ನೋಡಿದ್ರೆ ಕೋಡ್ ಶುರುವಾಗೋದೇ 1500 ಮೈಕ್ರೊಸೆಕೆಂಡ್ ಉದ್ದದ ಸಿಗ್ನಲ್‌ನಿಂದ, ಅಂದ್ರೆ ಅರ್ಧ ಥ್ರಾಟಲ್ (ಥ್ರಾಟಲ್ ಅಂದ್ರೆ ಎಷ್ಟು ಜೋರಾಗಿ ಓಡಬೇಕು ಅನ್ನೋ ಆದೇಶ; 1000 ಅಂದ್ರೆ ಸೊನ್ನೆ)! ಥ್ರಾಟಲ್ ಕೆಳಗಿದೆ ಅಂತ ಖಾತ್ರಿಯಾಗದೆ ಇಎಸ್‌ಸಿ ಮೋಟರನ್ನು ತಿರುಗೋಕೆ ಬಿಡೋದೇ ಇಲ್ಲ (ಬಿಟ್ಟಿದ್ರೆ ನನ್ನ ಬೆರಳು ಹೋಗ್ತಿತ್ತು, ಪ್ರೊಪೆಲ್ಲರ್ ಬಿಚ್ಚೇ ಇರಲಿಲ್ಲ). ಈಗ ಪ್ರೊಪೆಲ್ಲರ್ ತೆಗೆದಿಟ್ಟು, ಮೊದಲು 3 ಸೆಕೆಂಡ್ 1000 ಕಳಿಸಿ, ನಿಧಾನಕ್ಕೆ ಏರಿಸಿದೆ. 1150 ಹತ್ತಿರ ಕಿರ್ ಅಂತ ಒಮ್ಮೆ ನಡುಗಿ, ಸುಯ್ಯನೆ ಓಡಿತು.

ತಿರುಗಿದ್ದು ಉಲ್ಟಾ. ಮೋಟರ್‌ನಿಂದ ಇಎಸ್‌ಸಿಗೆ ಹೋಗೋ ಮೂರು ವೈರ್‌ಗಳಲ್ಲಿ ಎರಡನ್ನು ಅದಲುಬದಲು ಮಾಡಿದೆ, ಸರಿಹೋಯ್ತು.